ಹೊಸ ಕಂಪ್ಯೂಟರ್ ಬರಲಿ, ಅಬ್ಬಾ

ಮಂಡ್ಯದಲ್ಲಿ ರಘುನಂದನನ ಕಂಪ್ಯೂಟರ್ ಅಂಗಡಿಗೆ ಬರುವವರು ಎರಡು ಬಗೆ. ಏನು ಬೇಕೆಂದೇ ಗೊತ್ತಿಲ್ಲದೆ ಬಂದು ಅವನು ಹೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸುವವರು ಒಂದು ಬಗೆ. ಎಲ್ಲ ಗೊತ್ತು ಎಂದುಕೊಂಡು ಬಂದು ಅವನ ತಲೆ ತಿನ್ನುವವರು ಇನ್ನೊಂದು ಬಗೆ. ಮದ್ದೂರಿನ ಜಬೀನ್ ಮತ್ತು ಅವಳ ಮಗಳು ಅಕ್ಸಾ ಇಬ್ಬರೂ ಎರಡನೆಯ ಬಗೆಯವರು, ಅದೂ ಒಬ್ಬರ ಮಾತಿಗೆ ಒಬ್ಬರು ಅಡ್ಡ ನಿಂತವರು.

ಬೇಕಾಗಿದ್ದದ್ದು ಒಂದೇ ಡಬ್ಬ, ಅದು ಮಾಡಬೇಕಾದ ಕೆಲಸ ಮಾತ್ರ ಎರಡು. ಜಬೀನ್ ಮದುವೆ ವಿಡಿಯೊ ಎಡಿಟ್ ಮಾಡುವವಳು. ಅಕ್ಸಾ ಪಿಯುಸಿ ಓದುತ್ತ, ಓದಿಗಿಂತ ಹೆಚ್ಚಾಗಿ ಗೇಮ್ ಆಡುತ್ತ, ಆಡಿದ್ದನ್ನೆಲ್ಲ ರೆಕಾರ್ಡ್ ಮಾಡಿ ನೆಟ್ಟಿಗೆ ಏರಿಸುವವಳು. ಪ್ರೊಸೆಸರ್ ಆರಿಸುವಾಗ ಜಗಳವಾಗಲಿಲ್ಲ. ವಿಡಿಯೊ ಬೇಗ ತಯಾರಾಗಬೇಕಾದರೂ ಗಟ್ಟಿಯಾದದ್ದೇ ಬೇಕು, ಗೇಮಿಗೂ ಅದೇ ಬೇಕು. ಮದರ್‌ಬೋರ್ಡು, ಪವರ್ ಸಪ್ಲೈ ಕೂಡ ಗಲಾಟೆಯಿಲ್ಲದೆ ಮುಗಿದವು. ಕ್ಯಾಬಿನೆಟ್ಟಿಗೆ ಗಾಜಿನ ಪಕ್ಕೆ ಇರಬೇಕು, ಒಳಗೆ ಬಣ್ಣ ಬದಲಾಯಿಸುವ ಫ್ಯಾನು ಇರಬೇಕು ಎಂದು ಅಕ್ಸಾ ರಾಗ ತೆಗೆದಾಗ, ಇದೇನು ದರ್ಗಾದ ಉರುಸಿಗೆ ಕಟ್ಟೋ ಸೀರಿಯಲ್ ಸೆಟ್ಟಾ ಎಂದು ಜಬೀನ್ ಒಂದೇ ಮಾತಿಗೆ ಅವಳ ಬಾಯಿ ಮುಚ್ಚಿಸಿದಳು. ರಘುನಂದನ ನಗು ತಡೆದುಕೊಂಡು ಕಪ್ಪು ಕ್ಯಾಬಿನೆಟ್ಟನ್ನೇ ಪಕ್ಕಕ್ಕಿಟ್ಟ.

ನಿಜವಾದ ಜಗಳ ಹತ್ತಿದ್ದು ಹಾರ್ಡ್ ಡಿಸ್ಕಿನ ಹತ್ತಿರ. ಜಬೀನ್‌ಗೆ ದೊಡ್ಡ ಡಿಸ್ಕು ಎರಡು ಬೇಕು. ಒಂದರಲ್ಲಿ ಇಟ್ಟದ್ದರ ನಕಲು ಇನ್ನೊಂದರಲ್ಲಿರಬೇಕು, ಒಂದು ಸತ್ತರೂ ಇನ್ನೊಂದು ಬದುಕಿರಬೇಕು. ಅಕ್ಸಾಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಬೇಕು; ಅದಿಲ್ಲದಿದ್ದರೆ ಗೇಮಿನಲ್ಲಿ ಓಡುವ ಮನುಷ್ಯ ಕುಂಟುತ್ತಾನೆ ಎಂದು ಅವಳ ವಾದ. ಇದ್ದ ದುಡ್ಡಿಗೆ ಎರಡರಲ್ಲಿ ಒಂದೇ ಬರುವುದು. ಕೆಲಸ ಮುಗಿದ ಮೇಲೆ ಎಲ್ಲ ಅಳಿಸಿಹಾಕುವ ನಿಮಗೆ ಎರಡೆರಡು ಡಿಸ್ಕು ಯಾಕಕ್ಕ ಎಂದು ರಘುನಂದನ ಕೇಳಿದ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ. ಜಬೀನ್ ಮಾಡುತ್ತಿದ್ದದ್ದೂ ಅದನ್ನೇ, ಅವಳಿಗೂ ಅದು ಗೊತ್ತಿತ್ತು.

ಜಬೀನ್ ಎಡಿಟ್ ಮಾಡುತ್ತಿದ್ದದ್ದು ಮದುವೆಯ ಹೆಂಗಸರ ಕಡೆಯದನ್ನು ಮಾತ್ರ. ಮದ್ದೂರು, ಮಳವಳ್ಳಿ, ಮಂಡ್ಯದ ಮುಸ್ಲಿಮರ ಮನೆಗಳಲ್ಲಿ ಕೆಲವರು ಹೆಂಗಸರ ಕೋಣೆಗೆ ಗಂಡಸಿನ ಕ್ಯಾಮೆರಾ ಬಿಡುವುದಿಲ್ಲ. ಅಂಥ ಮನೆಗೆ ಜಬೀನ್ ಹೋಗಿ ತಾನೇ ಶೂಟ್ ಮಾಡಿ, ಮನೆಯಲ್ಲಿ ತಾನೇ ಎಡಿಟ್ ಮಾಡಿ, ಪೆನ್ ಡ್ರೈವನ್ನು ಮದುವಣಗಿತ್ತಿಯ ತಾಯಿಯ ಕೈಗೇ ಕೊಟ್ಟು ಬರುವಳು. ಒಬ್ಬಳೇ ಊರೂರು ತಿರುಗಬೇಡವೆಂದು ಅವಳ ತಾಯಿ, ಅಕ್ಸಾಳ ನಾನಿ ಸರ್ವರ್ ಬೇಗಂ ಪ್ರತಿ ಸಲವೂ ಜೊತೆಗೆ ಬರುತ್ತಿದ್ದರು. ಕಾವಲಿಗೆಂದು ಬಂದ ಹೆಂಗಸು ಎಲ್ಲಿ ಸುಮ್ಮನೆ ಕೂರುತ್ತೆ! ಅರಿಶಿನ ಹಚ್ಚುವ ಹೊತ್ತಿಗೆ ಯಾರದೋ ಮಡಿಲಿಂದ ಢೋಲಕ್ ಎಳೆದುಕೊಂಡು ಹಾಡಲು ಕೂತರೆ ಮುಗಿಯಿತು, ಅಡುಗೆಯ ಮನೆಯಿಂದ ಹೆಂಗಸರು ಕೈ ಒರೆಸಿಕೊಂಡು ಓಡಿ ಬರುತ್ತಿದ್ದರು.

ಒಂದು ಕಟ್ಟುನಿಟ್ಟನ್ನೂ ಅವರೇ ಹಾಕಿಕೊಟ್ಟಿದ್ದರು. ಬೇರೆಯವರ ಹೆಣ್ಣುಮಕ್ಕಳ ಮುಖ ನಮ್ಮ ಮನೆಯಲ್ಲಿ ಉಳಿಯಬಾರದು, ಅದು ಅಮಾನತ್ತು, ನಂಬಿ ಕೈಗಿಟ್ಟ ಒಡವೆ ಎಂದು. ಪೆನ್ ಡ್ರೈವ್ ಕೊಟ್ಟ ದಿನವೇ ಜಬೀನ್ ಎಲ್ಲವನ್ನೂ ಅಳಿಸುತ್ತಿದ್ದಳು. ಅಳಿಸಿದ್ದನ್ನೂ ರಿಪೇರಿಯವರು ಮತ್ತೆ ಎತ್ತುತ್ತಾರಂತೆ ಎಂದು ಯಾರೋ ಹೇಳಿದ ಮೇಲೆ, ಅದರ ಮೇಲೆ ಅಕ್ಸಾಳ ಗೇಮಿನ ರೆಕಾರ್ಡಿಂಗುಗಳನ್ನು ಡಿಸ್ಕು ತುಂಬುವವರೆಗೂ ತುಂಬಿಸುತ್ತಿದ್ದಳು. ಗೋಣಿಚೀಲದ ತಳದಲ್ಲಿದ್ದದ್ದು ಕೈಗೆ ಸಿಗದ ಹಾಗೆ ಮೇಲಿಂದ ಮರಳು ಸುರಿದಂತೆ.

ಆ ಸರ್ವರ್ ಬೇಗಂ ಒಂದು ಬೆಳಗ್ಗೆ ಹಾಲು ಕಾಯಿಸಲು ಇಟ್ಟವರು ಒಲೆ ಆರಿಸಲಿಲ್ಲ. ಎದೆ ಹಿಡಿದುಕೊಂಡು ಅಲ್ಲೇ ಕೂತವರು ಏಳಲೇ ಇಲ್ಲ. ಫೋಟೋ ಎಂದರೆ ಮುಖಕ್ಕೆ ಕೈ ಅಡ್ಡ ಹಿಡಿಯುವ ಹೆಂಗಸು; ಉಳಿದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ, ಅದರಲ್ಲಿ ಯಾರನ್ನೋ ಬೈಯಲು ಹೊರಟವರ ಹಾಗಿದ್ದಾರೆ. ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸುವುದೂ ಅವರಿಗೆ ಬರುತ್ತಿರಲಿಲ್ಲ. ಕರೆ ಬಂದರೆ ಕೇಳಿಸ್ತಾ, ಸರಿ, ಇಡ್ತೀನಿ ಎಂದು ಇಟ್ಟುಬಿಡುತ್ತಿದ್ದರು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಸಂಜೆ ಜಬೀನ್‌ಳ ತಂದೆ, ಅಕ್ಸಾಳ ನಾನಾ ಮಜೀದ್ ಮಗಳನ್ನು ಹತ್ತಿರ ಕರೆದರು. ಅವರು ಒಂದು ಕಾಲಕ್ಕೆ ವೈದ್ಯನಾಥಪುರದ ಸುತ್ತಿನ ತೋಟಗಳಿಗೆಲ್ಲ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುತ್ತಿದ್ದವರು, ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆ ಎನ್ನುತ್ತಿದ್ದವರು. ಈಗ ಕಣ್ಣಿನ ನರ ಒಣಗಿ ಬೆಳಕು ಕತ್ತಲೆ ಬಿಟ್ಟರೆ ಇನ್ನೇನೂ ಕಾಣದು. ಮನೆಯಲ್ಲಿ ಅವರಾಡುವುದು ಉರ್ದು, ಅದರಲ್ಲೂ ಅರ್ಧ ಕನ್ನಡ ಬೆರೆತದ್ದು. ಇಲ್ಲಿ ಅದನ್ನು ಪೂರ್ತಿ ಕನ್ನಡಕ್ಕೇ ಇಳಿಸಿದ್ದೇನೆ.

“ನಂಗೆ ಮುಖ ಬ್ಯಾಡ ಕಣಮ್ಮ, ನೋಡಾಕೆ ಕಣ್ಣೆಲ್ಲೈತೆ? ದನಿ ಮರ್ತೋಗ್ತಾ ಐತೆ. ನಿನ್ನ ಕಂಪ್ಯೂಟರಾಗೆ ನಿಮ್ಮಮ್ಮಿ ಹಾಡಿರೋದು ಇರ್ತದಲ್ವಾ?”

ಜಬೀನ್‌ಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. “ಐತೆ ಅಬ್ಬಾ. ಹಳೇದು ಓಡ್ತಾ ಇಲ್ಲ. ಹೊಸ ಕಂಪ್ಯೂಟರ್ ಬರ್ಲಿ, ಹಾಕ್ತೀನಿ” ಎಂದುಬಿಟ್ಟಳು. ಅಂದಿನಿಂದ ಮಜೀದ್ ಮನೆಗೆ ಬಂದವರಿಗೆಲ್ಲ ಹೊಸ ಕಂಪ್ಯೂಟರಿನ ಸುದ್ದಿಯೇ ಹೇಳತೊಡಗಿದರು. ಜಬೀನ್‌ಳ ಗಂಡ ನವೀದ್ ಗ್ಯಾರೇಜಿನಿಂದ ಬಂದು ಬೈಕ್ ನಿಲ್ಲಿಸಿದರೂ, ಬಂತೇನಪ್ಪಾ ಎಂದು ಒಳಗಿಂದ ಕೇಳುವರು.

ಹೀಗಾಗಿ ಜಬೀನ್ ಹಳೆಯ ಡಿಸ್ಕನ್ನು ಮೊದಲೇ ರಘುನಂದನನ ಕೈಗೆ ಕೊಟ್ಟು, ಅಳಿಸಿದ್ದು ಒಂದು ಚೂರಾದರೂ ಸಿಕ್ಕರೆ ತೆಗೆದುಕೊಡು ಎಂದು ಕೇಳಿಕೊಂಡಿದ್ದಳು. ಅಂಗಡಿಯಲ್ಲಿ ಈಗ ಕಾರ್ಡು ಡಿಸ್ಕಿನ ಜಗಳ ನಿಂತಾಗ ಮೆಲ್ಲಗೆ ಅದನ್ನೇ ಕೇಳಿದಳು. ರಘುನಂದನ ಡಿಸ್ಕನ್ನು ಕೌಂಟರಿನ ಮೇಲಿಟ್ಟು ಮುಖ ಸಣ್ಣ ಮಾಡಿಕೊಂಡ.

“ಬರೀ ಅಳ್ಸಿದ್ರೆ ತೆಗೀಬೌದಿತ್ತು ಕಣಕ್ಕ. ನೀವು ಅದ್ರ ಮ್ಯಾಲೇ ಬೇರೇದು ತುಂಬ್ಬುಟ್ಟಿದ್ದೀರಿ. ಅಡೀಲಿ ಏನೂ ಉಳ್ದಿಲ್ಲ.”

ಇರುವುದಿಷ್ಟೇ ಎಂದು ಅವನು ಒಂದು ರೆಕಾರ್ಡಿಂಗ್ ಹಾಕಿ ತೋರಿಸಿದ. ಗುಂಡಿನ ಸದ್ದು ಧಡಧಡನೆ ಅಂಗಡಿ ತುಂಬಿತು. ನಡುವೆ ಅಕ್ಸಾಳ ಕಿರುಚಾಟ, ಎಲ್ಲೋ ಹಿಂದೆ ಕುಕ್ಕರಿನ ಸೀಟಿ. ಸಾಕು, ಆರಿಸಪ್ಪಾ ಎಂದು ಜಬೀನ್ ಕಿವಿ ಮುಚ್ಚಿಕೊಂಡಳು. ಇದುವರೆಗೂ ಕಾರ್ಡಿಗಾಗಿ ಹಟ ಹಿಡಿದಿದ್ದ ಅಕ್ಸಾ ತಾಯಿಯ ಮುಖವನ್ನೂ ಆ ಡಿಸ್ಕನ್ನೂ ನೋಡಿ, ನಾನಿ ಹಾಡಿನ ಮೇಲೆ ತುಂಬಿದ್ದು ನನ್ನ ಗೇಮಾ ಎಂದು ಕೇಳಿದಳು. ಅವಳು ಅಂಗಡಿಯ ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತಳು.

ಜಬೀನ್ ಮಾತ್ರ ಹಟ ಬಿಡಲಿಲ್ಲ. ಮನೆಯಲ್ಲಿ ಇಲ್ಲದಿದ್ದರೇನು, ಮದುವೆಯವರ ಹತ್ತಿರ ಪೆನ್ ಡ್ರೈವ್ ಇದೆಯಲ್ಲ! ಡಿಸ್ಕೋ ಕಾರ್ಡೋ ಎರಡು ದಿನ ಬಿಟ್ಟು ಹೇಳುತ್ತೇನೆಂದು ರಘುನಂದನನಿಗೆ ತಿಳಿಸಿ, ಮಾರನೆಯ ದಿನ ಅಕ್ಸಾಳನ್ನು ಕರೆದುಕೊಂಡು ಮಳವಳ್ಳಿಯ ಬಸ್ಸು ಹತ್ತಿದಳು. ಬಂಡೂರು ಕುರಿ ಕೊಂಡು ದೂರದ ಊರುಗಳಿಗೆ ಕಳಿಸುವ ಜಕೀವುಲ್ಲಾ ಎಂಬುವರ ಮಗಳ ಮದುವೆಯಲ್ಲಿ ಸರ್ವರ್ ಬೇಗಂ ಗಂಟಲು ಕಟ್ಟುವವರೆಗೂ ಹಾಡಿದ್ದರು. ಹೊಸ ಡಿಸ್ಕು ಎರಡೂ ಈಗಾಗಲೇ ಅವಳ ಕಣ್ಣ ಮುಂದಿದ್ದವು. ಒಂದರಲ್ಲಿ ಅಮ್ಮಿಯ ಹಾಡು, ಇನ್ನೊಂದರಲ್ಲಿ ಅದರ ನಕಲು. ಒಂದು ಕೆಟ್ಟರೂ ಚಿಂತೆಯಿಲ್ಲ.

ಜಕೀವುಲ್ಲಾರ ಹೆಂಡತಿ ಸಾವಿನ ಸುದ್ದಿ ಕೇಳಿ ಜಬೀನ್‌ಳನ್ನು ಅಪ್ಪಿಕೊಂಡು ಅತ್ತರು. ಪೆನ್ ಡ್ರೈವು ಬೀರುವಿನಲ್ಲಿ ಒಡವೆಯ ಡಬ್ಬದೊಳಗೆ ಭದ್ರವಾಗಿತ್ತು. ಗಂಡಸರು ಹಿತ್ತಲಿಗೆ, ಕುರಿಗಳ ಹತ್ತಿರ ಹೋದರು. ಬಾಗಿಲು ಹಾಕಿಕೊಂಡು, ಅಕ್ಕಪಕ್ಕದ ಹೆಂಗಸರೂ ಸೇರಿ ಟಿವಿಯ ಮುಂದೆ ಕೂತರು. ಮದುವೆಯ ಹುಡುಗಿ ಬಂದಳು, ನಗುವ ನಾದಿನಿಯರು ಬಂದರು, ಅರಿಶಿನ ಬಂತು. ಅರಿಶಿನ ಬಂದ ಕೂಡಲೇ ಜಬೀನ್ ಮುಂದಕ್ಕೆ ಬಾಗಿದಳು.

ಸಿನಿಮಾ ಹಾಡು ಶುರುವಾಯಿತು. ಆ ವರ್ಷ ಎಲ್ಲ ಮದುವೆಗೂ ಹಾಕುತ್ತಿದ್ದ ಹಾಡು. ಅದನ್ನು ಹಾಕಿದವಳು ಜಬೀನೇ; ಅಮ್ಮಿಯ ಹಾಡು ಸಿಕ್ಕೀತೆಂಬ ಆತುರದಲ್ಲಿ ಅದು ಅವಳ ನೆನಪಿಗೇ ಬಂದಿರಲಿಲ್ಲ. ಹೆಂಗಸರ ಗದ್ದಲ ಕೇಳಬಾರದೆಂದು ಅಡಿಯ ದನಿಯನ್ನೆಲ್ಲ ಪೂರ್ತಿ ತೆಗೆದು, ಮೇಲೆ ಇದನ್ನು ಕೂರಿಸಿದ್ದಳು. ಆಗ ಅದು ಬಹಳ ಚೆನ್ನಾಗಿ ಬಂದಿದೆ ಎಂದು ಅವಳಿಗೇ ಹೆಮ್ಮೆಯಾಗಿತ್ತು. ಹುಡುಗಿಯ ಕೆನ್ನೆ, ಹುಡುಗಿಯ ಕೈ, ಹುಡುಗಿಯ ತಾಯಿ, ಮತ್ತೆ ಹುಡುಗಿ. ಒಂದು ಕಡೆ ಮಾತ್ರ ಪರದೆಯ ಅಂಚಿನಲ್ಲಿ ಹಸಿರು ಗಾಜಿನ ಬಳೆಯ ಒಂದು ಕೈ ಢೋಲಕ್ಕಿನ ಮೇಲೆ ಬಿದ್ದೆದ್ದು ಬಿದ್ದೆದ್ದು ಮರೆಯಾಯಿತು. ಸಿನಿಮಾ ಹಾಡಿಗೂ ಆ ಕೈಗೂ ತಾಳ ಕೂಡಲಿಲ್ಲ.

ನಿಮ್ಮಮ್ಮಿ ಎಲ್ಲಿ ಬರ್ತಾರೆ, ಇನ್ನೂ ಮುಂದಾ ಎಂದು ಜಕೀವುಲ್ಲಾರ ಹೆಂಡತಿ ಕೇಳುತ್ತಲೇ ಇದ್ದರು. ಮುಂದೆ ಊಟ ಬಂತು, ಹೆಣ್ಣು ಒಪ್ಪಿಸುವುದು ಬಂತು, ಕಡೆಗೆ ಚಿನ್ನದ ಬಣ್ಣದಲ್ಲಿ ಜಬೀನ್‌ಳ ಹೆಸರೂ ಬಂತು. ಸರ್ವರ್ ಬೇಗಂ ಬರಲಿಲ್ಲ. ಕೆಲಸಕ್ಕೆ ಬಂದವಳು ವಿಡಿಯೊದಲ್ಲಿ ಬಂದರೆ ಮದುವೆ ಮನೆಯವರು ಏನಂದಾರು, ನನ್ನ ತೆಗೆದುಹಾಕು ಎಂದು ಅವರೇ ಪ್ರತಿ ಸಲ ಹೇಳುತ್ತಿದ್ದರು. ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ ಮಗಳು ಇಲ್ಲಿ ಕೂತಿದ್ದಳು. ಈ ಒಂದು ಮದುವೆಯಲ್ಲಲ್ಲ, ಎಲ್ಲ ಮದುವೆಯಲ್ಲೂ ಹಾಗೇ ತೆಗೆದಿದ್ದಳು. ಇನ್ನು ಯಾವ ಊರಿನ ಬಸ್ಸು ಹತ್ತಿಯೂ ಪ್ರಯೋಜನವಿರಲಿಲ್ಲ. ತಾಯಿಯನ್ನು ಮಣ್ಣು ಮಾಡಿದ ದಿನ ಕೂಡ ಅಷ್ಟು ಅಳದಿದ್ದವಳು ಅಂದು ಪರರ ಮನೆಯ ಚಾಪೆಯ ಮೇಲೆ ಕೂತು, ನಾಚಿಕೆ ಬಿಟ್ಟು ಅತ್ತಳು.

ಬಸ್ಸು ಮದ್ದೂರಿನ ಹತ್ತಿರ ಬಂದಾಗ ರಘುನಂದನನಿಗೆ ಫೋನ್ ಮಾಡಿದಳು. ದೊಡ್ಡ ಡಿಸ್ಕು ಬೇಡ, ಸಣ್ಣದೊಂದು ಸಾಕು, ಮಗಳು ಕೇಳಿದ ಕಾರ್ಡನ್ನೇ ಹಾಕು ಎಂದಳು. ಯಾಕಕ್ಕ, ಅಷ್ಟು ಹೇಳ್ತಾ ಇದ್ರಲ್ಲಾ ಎಂದು ಅವನು ಕೇಳಿದ. “ಇಡಾಕೆ ಏನೈತಪ್ಪಾ ನನ್ ತಾವ” ಎಂದು ಜಬೀನ್ ಫೋನ್ ಇಟ್ಟಳು. ಪಕ್ಕದಲ್ಲಿ ಕೂತ ಅಕ್ಸಾಗೆ, ತಾನು ಅಷ್ಟೆಲ್ಲ ಹಟ ಮಾಡಿದ ಕಾರ್ಡು ಸಿಕ್ಕಿದ್ದಕ್ಕೆ ಒಂದಿಷ್ಟೂ ಸಂತೋಷವಾಗಲಿಲ್ಲ. ಅವಳು ಬಸ್ಸಿನ ಕಿಟಕಿಗೆ ಹಣೆ ಆನಿಸಿಕೊಂಡು ಇಳಿಯುವವರೆಗೂ ಕೂತಿದ್ದಳು.

ಕಂಪ್ಯೂಟರ್ ಬಂದ ದಿನ ಮಜೀದ್ ಸ್ನಾನ ಮಾಡಿ ಬಿಳಿ ಜುಬ್ಬ ತೊಟ್ಟು ಕೂತುಬಿಟ್ಟರು. ಪೆಟ್ಟಿಗೆ ಬಿಚ್ಚುವ ಸದ್ದು, ವೈರು ಸಿಕ್ಕಿಸುವ ಸದ್ದು ಎಲ್ಲವನ್ನೂ ಕೇಳಿಸಿಕೊಂಡು, ಫ್ಯಾನು ತಿರುಗಿದಾಗ, ಒಳ್ಳೆ ಬೇರಿಂಗು ಕಣಮ್ಮ, ಸದ್ದೇ ಇಲ್ಲ ಎಂದು ಮೆಚ್ಚಿದರು. ಜಬೀನ್‌ಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಎಲ್ಲ ಜೋಡಿಸೋಕೆ ಇನ್ನೂ ಎರಡು ದಿನ ಬೇಕು ಅಬ್ಬಾ ಎಂದು ಇನ್ನೊಂದು ಸುಳ್ಳು ಹೇಳಿ ಅಡುಗೆಯ ಮನೆ ಸೇರಿಕೊಂಡಳು. ಎರಡು ದಿನಕ್ಕೇನಂತೆ, ಇಷ್ಟು ದಿನ ಕಾದಿಲ್ಲವೇ ಎಂದು ಮುದುಕರು ಜುಬ್ಬ ಬಿಚ್ಚಿ ಮಡಿಸಿಟ್ಟರು.

ಅಕ್ಸಾ ಹೊಸ ಕಂಪ್ಯೂಟರಿನಲ್ಲಿ ಗೇಮ್ ಆಡಲಿಲ್ಲ. ಹಳೆಯ ಡಿಸ್ಕು ಸಿಕ್ಕಿಸಿ, ನಾನಿಯ ಹಾಡಿನ ಮೇಲೆ ಕೂತ ಆ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಅಳಿಸಿದರೆ ಅಡಿಯದು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಅವು ಕಣ್ಣಿಗೆ ಬೀಳಬಾರದಿತ್ತು, ಅಷ್ಟೇ. ಕಾಲೇಜಿನ ಗೆಳತಿ ಕೇಳಿದ್ದ ಒಂದು ಆಟ ಮಾತ್ರ ಯಾವುದರಲ್ಲಿದೆ ನೋಡೋಣವೆಂದು ಒಂದನ್ನು ತೆರೆದಳು. ಆಡುವಾಗ ಕಿವಿಗೆ ಹೆಡ್‌ಫೋನು ಬಿಗಿದಿರುತ್ತಿದ್ದವಳು. ಬಾಯಿಯ ಮುಂದೆ ಮೈಕು. ಆ ಮೈಕು ತನ್ನ ಹಿಂದೆ ಇಡೀ ಮನೆಯನ್ನೇ ಕೇಳಿಸಿಕೊಳ್ಳುತ್ತಿತ್ತು ಎಂಬುದು ಅವಳಿಗೆ ಎಂದೂ ಹೊಳೆದಿರಲಿಲ್ಲ.

“ಅಮ್ಮಿ, ಬಾ ಇಲ್ಲಿ” ಎಂದಳು. ಜಬೀನ್ ಹಿಟ್ಟಿನ ಕೈಯಲ್ಲೇ ಬಂದಳು.

ಗುಂಡುಗಳ ನಡುವೆ, ಬಹಳ ಹಿಂದೆ, ಯಾರೋ ಮಾತಾಡುತ್ತಿದ್ದರು. ಪದ ತಿಳಿಯುತ್ತಿರಲಿಲ್ಲ, ಆದರೆ ಯಾರ ದನಿ ಎಂದು ತಾಯಿ ಮಗಳಿಬ್ಬರಿಗೂ ಯಾರೂ ಹೇಳಬೇಕಾಗಿರಲಿಲ್ಲ. ಜಬೀನ್ ಕೈ ತೊಳೆದು ಬಂದು ಕುರ್ಚಿಯಲ್ಲಿ ಕೂತಳು. ಗದ್ದಲದಿಂದ ಮನುಷ್ಯರ ದನಿಯನ್ನು ಬೇರ್ಪಡಿಸಿ ಕೊಡುವ ಸಾಫ್ಟ್‌ವೇರ್ ಒಂದಿದೆ. ಹಳೆಯ ಕಂಪ್ಯೂಟರಿನಲ್ಲಿ ಅದು ಏದುಸಿರು ಬಿಟ್ಟು ನಿಂತುಹೋಗುತ್ತಿತ್ತು. ಅಕ್ಸಾ ಆರಿಸಿದ ಕಾರ್ಡಿನಲ್ಲಿ ಅದು ನೀರು ಕುಡಿದಷ್ಟು ಸಲೀಸಾಗಿ ಓಡಿತು. ಗುಂಡಿನ ಸದ್ದು ಇಳಿಯುತ್ತ ಹೋಯಿತು. ಅಕ್ಸಾಳ ಅರಚಾಟವನ್ನು ಜಬೀನ್ ಕತ್ತರಿಸಿದಳು. ಹಿಂದಿನ ದನಿಯನ್ನು ಮಾತ್ರ ಈ ಸಲ ಮುಟ್ಟಲಿಲ್ಲ. ಉಳಿದ ರೆಕಾರ್ಡಿಂಗುಗಳನ್ನೂ ಇಬ್ಬರೂ ಕೂತು ಸೋಸಿದರು. ಹೆಚ್ಚಿನವನ್ನು ಅಕ್ಸಾ ಅದಾಗಲೇ ಅಳಿಸಿಬಿಟ್ಟಿದ್ದಳು. ಉಳಿದವುಗಳಲ್ಲಿ ಪಾತ್ರೆಯ ಸದ್ದಿತ್ತು, ಕೆಮ್ಮಿತ್ತು. ಮಾತು ಇದ್ದದ್ದು ಆ ಒಂದರಲ್ಲೇ.

ಮಜೀದರನ್ನು ಕರೆತಂದು ಸ್ಪೀಕರಿನ ಹತ್ತಿರ ಕೂರಿಸಿದರು. ಅವರು ಮತ್ತೆ ಜುಬ್ಬ ಹಾಕಿಕೊಂಡೇ ಬಂದಿದ್ದರು. ಇನ್ನು ಸುಳ್ಳು ಬೇಡವೆಂದು ಜಬೀನ್ ಎಲ್ಲ ಹೇಳಿಬಿಟ್ಟಳು. ಹಾಡು ಇಲ್ಲ ಅಬ್ಬಾ, ನಾನೇ ಕಳೆದೆ, ಬರೀ ಮನೆಯ ಮಾತಿದೆ, ಅದೂ ಇಷ್ಟೇ ಇಷ್ಟು ಎಂದಳು. ಮುದುಕರು, ಇದ್ದಷ್ಟು ಹಾಕು ಎಂದರು.

ಮೊದಲು ಕುಕ್ಕರ್ ಕೂಗಿತು. ತಟ್ಟೆ ಇಟ್ಟ ಸದ್ದಾಯಿತು. ಆಮೇಲೆ ಸರ್ವರ್ ಬೇಗಂ, ಪಕ್ಕದ ಕೋಣೆಯಲ್ಲೇ ಇರುವ ಹಾಗೆ: “ಅಕ್ಸಾ, ಊಟಕ್ಕೆ ಬಾರೇ.”

“ಐದು ನಿಮಿಷ ನಾನಿ” ಎಂದಳು ರೆಕಾರ್ಡಿಂಗಿನ ಅಕ್ಸಾ. ಎದುರಿಗಿದ್ದ ಅಕ್ಸಾ ದುಪಟ್ಟಾ ಬಾಯಿಗೆ ಅಡ್ಡ ಹಿಡಿದುಕೊಂಡಳು.

“ನಿಮ್ ನಾನಾನ್ನಾದ್ರೂ ಕರಿಯೇ.” ಆಮೇಲೆ ಗಂಡನನ್ನು ತಾವೇ ಕರೆದರು: “ಅಜೀ, ಬನ್ನಿ. ಸಾರು ಆರ್ತಾ ಐತೆ.” ಸ್ವಲ್ಪ ಹೊತ್ತು ಏನೂ ಇಲ್ಲ. “ಕೇಳುಸ್ತಾ? ಬನ್ನಿ ಅಂದೆ.” ಮತ್ತೆ ಏನೂ ಇಲ್ಲ. ಕಡೆಗೆ, ತಮಗೆ ತಾವೇ ಹೇಳಿಕೊಂಡ ಹಾಗೆ, “ಆಯ್ತು ಬುಡಿ, ಮುಚ್ಚಿಡ್ತೀನಿ.”

ಅಲ್ಲಿಗೆ ಮುಗಿಯಿತು. ಮಜೀದರ ಕಾಲು ನೆಲದ ಮೇಲೆ ಚಪ್ಪಲಿ ಹುಡುಕುತ್ತಿತ್ತು. ಎದ್ದು ನಿಲ್ಲಲು ಕುರ್ಚಿಯ ತೋಳು ಹಿಡಿದವರು ಹಾಗೆಯೇ ನಿಂತು, ಮತ್ತೆ ಕೂತರು.

“ಅವತ್ತು ನಾನು ಮನೇಲೇ ಇದ್ನಾ?”

“ಇದ್ರಿ ಅಬ್ಬಾ, ತಾರೀಕು ನೋಡ್ದೆ. ಕಣ್ಣಿನ ಡಾಕ್ಟ್ರು ಇನ್ನು ಆಗಲ್ಲ ಅಂದ್ರಲ್ಲ, ಆ ವಾರ. ಯಾರ್ ಕೂಡೆನೂ ಮಾತಾಡ್ತಿರ್ಲಿಲ್ಲ ನೀವು.”

“ನಾನು ಏನೂ ಅನ್ನಲೇ ಇಲ್ವಾ?”

ಜಬೀನ್‌ಗೆ ಒಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು. “ಇಲ್ಲ ಅಬ್ಬಾ” ಎಂದಳು.

ಮಜೀದ್ ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಜುಬ್ಬದ ತೋಳು ಸರಿ ಮಾಡಿಕೊಂಡು ಸ್ಪೀಕರಿನ ಕಡೆ ಬಾಗಿದರು. “ಇನ್ನೊಂದ್ಸಲ ಹಾಕು ಮಗಾ” ಎಂದರು. “ಈ ಸಲ ಹೇಳ್ತೀನಿ.”

ಜಬೀನ್ ಹಾಕಿದಳು. ಕುಕ್ಕರ್ ಕೂಗಿತು, ತಟ್ಟೆ ಇಟ್ಟರು, ಅಕ್ಸಾ ಐದು ನಿಮಿಷ ಎಂದಳು. ಅಜೀ, ಬನ್ನಿ ಎಂಬ ದನಿ ಬಂತು. ಮುದುಕರು ಅದು ಮುಗಿಯುವುದಕ್ಕೂ ಕಾಯದೆ, “ಬಂದೆ ಕಣೇ, ಬಂದೆ” ಎಂದರು. ಸರ್ವರ್ ಬೇಗಂ ಅದನ್ನು ಕೇಳಿಸಿಕೊಳ್ಳದೆ, ಕೇಳುಸ್ತಾ, ಬನ್ನಿ ಅಂದೆ ಎಂದು ಮತ್ತೆ ಕರೆದರು.